ಐದನೆಯ ಮಾತಿಗೆ ನಾನು ಬರೆದ ಹಾಳೆ

ಅಪ್ಪ ಎಂಟು ವರ್ಷ, ಪ್ರತಿ ಶುಭ ಶುಕ್ರವಾರ, ದೇವಾಲಯದಲ್ಲಿ ಒಂದೇ ಹಾಳೆಯನ್ನು ಓದಿದರು. ಅದನ್ನು ಬರೆದುಕೊಟ್ಟವನು ನಾನು. ಅದರಲ್ಲಿ ಒಂದು ಸುಳ್ಳಿತ್ತು. ಆ ಸುಳ್ಳು ನನ್ನ ಕೈಯಿಂದಲೇ ಬಂತು ಎನ್ನುವುದರಲ್ಲಿ ಅನುಮಾನವಿಲ್ಲ. ನಿಜ ಗೊತ್ತಿದ್ದೂ ಹಾಗೆ ಬರೆದೆನೋ, ಗೊತ್ತಿಲ್ಲದೆ ಬರೆದೆನೋ ಎನ್ನುವುದು ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ.

ತುಮಕೂರಿನ ನಮ್ಮ ದೇವಾಲಯದಲ್ಲಿ ಆ ದಿನದ ಆರಾಧನೆ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗಿ ಮೂರಕ್ಕೆ ಮುಗಿಯುತ್ತಿತ್ತು. ಕರ್ತನು ಶಿಲುಬೆಯ ಮೇಲಿಂದ ಆಡಿದ ಮಾತುಗಳು ಏಳು. ಒಂದೊಂದು ಮಾತಿನ ಮೇಲೆ ಸಭೆಯವರಲ್ಲೇ ಒಬ್ಬೊಬ್ಬರು ಎದ್ದು ಹತ್ತು ನಿಮಿಷ ಮಾತಾಡಬೇಕು. ಏಳನ್ನೂ ತಾವೇ ಹೇಳಿದರೆ ಜನ ತೂಕಡಿಸುತ್ತಾರೆ ಅಂತ ಸಭಾಪಾಲಕರಿಗೆ ಗೊತ್ತಿದ್ದಿರಬೇಕು. ಕ್ಷಮೆಯ ಮಾತು ಒಬ್ಬ ಹೈಸ್ಕೂಲು ಮೇಷ್ಟರಿಗೆ, ತಾಯಿಯನ್ನು ಕುರಿತ ಮಾತು ಪ್ರತಿ ವರ್ಷ ನರ್ಸಮ್ಮನವರೊಬ್ಬರಿಗೆ. ಐದನೆಯದು ನೀರಡಿಕೆಯ ಮಾತು. ಅದರ ಸರದಿ ಬರುವ ಹೊತ್ತಿಗೆ ಎರಡು ಗಂಟೆ ಹತ್ತಿರವಾಗಿರುತ್ತಿತ್ತು. ಬೆಳಗಿನಿಂದ ಉಪವಾಸ, ಹೊರಗೆ ಬಿಸಿಲು, ಎಲ್ಲರ ನಾಲಿಗೆಯೂ ಒಣಗಿರುತ್ತಿತ್ತು. ಅಂಥ ಹೊತ್ತಿಗೆ ಒಬ್ಬ ಹಳೆಯ ಸಿಪಾಯಿ ಮಾತಾಡಿದರೆ ಚೆನ್ನ ಎಂದು ಸಭಾಪಾಲಕರಿಗೆ ತೋಚಿತು. ಎಮರ್ಜೆನ್ಸಿಯ ವರ್ಷ ಇರಬೇಕು. ನಾನಾಗ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ, ರಜಕ್ಕೆ ಬಂದಿದ್ದೆ. ದೇವರಿಲ್ಲ ಎಂದು ಆಗಷ್ಟೇ ತೀರ್ಮಾನಿಸಿದ್ದೆ, ಮನೆಯಲ್ಲಿ ಹೇಳಿರಲಿಲ್ಲ.

ಅಪ್ಪ ಗುಬ್ಬಿಯವರು. ಎಳವೆಯಲ್ಲೇ ತಾಯಿತಂದೆ ಹೋಗಿ, ಮಿಷನ್ ಬೋರ್ಡಿಂಗಿನಲ್ಲಿ ಬೆಳೆದವರು. ಮೂವತ್ತರ ಹತ್ತಿರ ಬಂದ ಮೇಲೆ ಸೈನ್ಯ ಸೇರಿದರು. ಅಲ್ಲಿ ಬಂದೂಕಿಗಿಂತ ಹೆಚ್ಚಾಗಿ ಹಿಡಿದದ್ದು ಹೇಸರಗತ್ತೆಯ ಹಗ್ಗ. ಬರ್ಮಾದಿಂದ ಸೈನ್ಯ ಹಿಂದಕ್ಕೆ ಬಂದಾಗ ಅವರೂ ಹೇಸರಗತ್ತೆ ಹಿಡಿದುಕೊಂಡು ನಡೆದು ಬಂದವರು. ಯುದ್ಧ ಮುಗಿದ ಮೇಲೆ ಗುಬ್ಬಿಯ ಹೆಣ್ಣನ್ನೇ ಮದುವೆಯಾಗಿ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಕೆಲಸಕ್ಕೆ ಸೇರಿ, ನಿವೃತ್ತಿಯವರೆಗೂ ಕುದುರೆ ನೋಡಿಕೊಂಡರು. ಅಕ್ಕಂದಿರಿಬ್ಬರೂ ನಾನೂ ಬೆಳೆದದ್ದು ಅಲ್ಲೇ. ನಮ್ಮ ಮನೆಯಲ್ಲಿ ಒಂದು ಕಾಯಿದೆ ಇತ್ತು: ಬೆಳಿಗ್ಗೆ ಎಮ್ಮೆಗೂ ಕೋಳಿಗೂ ನೀರಿಡದೆ ಯಾರೂ ಕಾಫಿ ಮುಟ್ಟುವ ಹಾಗಿಲ್ಲ. ಜ್ವರ ಬಂದವರಿಗೂ ವಿನಾಯಿತಿ ಇರಲಿಲ್ಲ. "ಇವರ ಹೊಟ್ಟೇಲಿ ಹುಟ್ಟೋದಕ್ಕಿಂತ ಇವರ ಕೊಟ್ಟಿಗೇಲಿ ಹುಟ್ಟೋದು ವಾಸಿ" ಎಂದು ಅಮ್ಮ ಗೊಣಗುತ್ತಿದ್ದಳು. ಅಪ್ಪ ನಗುತ್ತಿದ್ದರು. ಸಂಜೆ ಚಾಪೆ ಹಾಸಿ, ಎಲ್ಲರನ್ನೂ ಮಂಡಿಯೂರಿಸಿ ಪ್ರಾರ್ಥನೆ. ಮಕ್ಕಳ ಹೆಸರು, ನೆಂಟರ ಹೆಸರು, ಕಾಲು ಕುಂಟಾದ ಕುದುರೆಗಳ ಹೆಸರು ಎಲ್ಲ ಮುಗಿದ ಮೇಲೆಯೇ ಆಮೆನ್.

ಐದನೆಯ ಮಾತು ತಮ್ಮ ಪಾಲಿಗೆ ಬಂದಾಗ ಅಪ್ಪ ಹೆದರಿಬಿಟ್ಟರು. ನಾಲ್ಕು ಜನರ ಮುಂದೆ ಅವರಿಗೆ ಮಾತು ಬರುತ್ತಿರಲಿಲ್ಲ. "ನೀನು ಓದಿದೋನು, ನಾನು ಹೇಳಿದ್ದ ಒಪ್ಪವಾಗಿ ಬರ್ಕೊಡು" ಎಂದರು.

ನಿವೃತ್ತಿಯಾದ ಮೇಲೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಹಿಡಿದ ಬಾಡಿಗೆ ಮನೆಯ ಜಗಲಿ. ಅಪ್ಪ ಗೋಡೆಗೆ ಒರಗಿ ಕೂತಿದ್ದಾರೆ. ಅಮ್ಮ ಒಂದು ಕಡೆ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಾಳೆ. ಹೊರಗೆ ಮಳೆ. ಅಪ್ಪ ತುಂಡು ತುಂಡಾಗಿ ಹೇಳುತ್ತಿದ್ದಾರೆ. "ದಾರಿ ಉದ್ದಕ್ಕೂ ಜನ. ಕೂಲಿ ಮಾಡೋಕೆ ಹೋಗಿದ್ದೋರು, ನಮ್ಮ ದೇಶದೋರೇ, ನಡ್ಕಂಡು ವಾಪಸ್ ಬರ್ತಿದ್ರು. ಒಬ್ಬ ಮರದ ಕೆಳಗೆ ಕೂತಿದ್ದ. ತಣ್ಣಿ ಅಂದ. ತಮಿಳ್ನೋನು. ನನ್ನ ಹತ್ರ ನೀರಿತ್ತು." ಇಷ್ಟು ಹೇಳಿ ಎದ್ದು ಒಳಗೆ ಹೋಗುತ್ತಾರೆ. ನಾನು ಪೆನ್ನು ಹಿಡಿದು ಕೂತೇ ಇದ್ದೇನೆ.

ನನಗಿರುವ ನೆನಪು ಇದು. ಆದರೆ ಶುಭ ಶುಕ್ರವಾರದ ಆ ಬೇಸಗೆಯಲ್ಲಿ ನಮ್ಮ ಕಡೆ ಅಂಥ ಮಳೆ ಬರುವುದಿಲ್ಲ. ಅಮ್ಮನನ್ನು ಆಮೇಲೆ ಕೇಳಿದೆ. ಆ ವಾರವೆಲ್ಲ ತಾನು ತಂಗಿಯ ಬಾಣಂತನಕ್ಕೆ ಗುಬ್ಬಿಯಲ್ಲಿದ್ದೆ ಎಂದಳು. ಮಳೆಯೂ ಸುಳ್ಳು, ಅಮ್ಮನೂ ಹುಣಸೆಹಣ್ಣೂ ಸುಳ್ಳು ಎಂದಮೇಲೆ ಅಪ್ಪ ಎದ್ದು ಹೋದದ್ದೊಂದು ಹೇಗೆ ನಿಜವಾಗುತ್ತದೆ?

ಆ ರಾತ್ರಿಯೋ ಮಾರನೆಯ ದಿನವೋ ಕೂತು ಬರೆದೆ. ನೀರಿದ್ದ ಒಳ್ಳೆಯ ಮನುಷ್ಯನೊಬ್ಬ ನೀರು ಕೇಳಿದವನಿಗೆ ಏನು ಮಾಡಿರಬಹುದು? ಅದನ್ನು ಕೇಳಿ ತಿಳಿಯಬೇಕು ಎಂದು ನನಗನ್ನಿಸಲಿಲ್ಲ. ಸಿಪಾಯಿ ತನ್ನ ಪಾಲಿನ ಕೊನೆಯ ನೀರನ್ನು ಆ ಅಪರಿಚಿತನ ತುಟಿಗೆ ಹನಿಹನಿಯಾಗಿ ಬಿಟ್ಟ. ಅವನು ಕಣ್ಣಿನಲ್ಲೇ ಹರಸಿ ಪ್ರಾಣ ಬಿಟ್ಟ. ಸಿಪಾಯಿಯ ಬಾಯಾರಿಕೆ ಅಲ್ಲಿಗೆ ಇಂಗಿಹೋಯಿತು ಎಂದು ಬರೆದೆ. ಬರೆಯುವಾಗ ನನ್ನ ಕಣ್ಣೇ ತುಂಬಿತು. ನಂಬಿಕೆಯಿಲ್ಲದವನು ನಂಬುವವರನ್ನು ಅಳಿಸಬಲ್ಲೆ ಎಂಬ ಜಂಬವೂ ಇತ್ತು.

ಅಪ್ಪ ಹಾಳೆಯನ್ನು ಮುಂಚೆ ಓದಿ ನೋಡಲಿಲ್ಲ. ಮಡಿಸಿ ವೇದಪುಸ್ತಕದೊಳಗೆ ಇಟ್ಟುಕೊಂಡರು. ಶುಕ್ರವಾರ ಎದ್ದು ನಿಂತು, ಹುಕುಮು ಓದುವವರ ಹಾಗೆ ಒಂದೊಂದೇ ಪದ ಬಿಡಿಸಿ ಓದಿದರು. "ನನ್ನ ಹತ್ತಿರ ನೀರಿತ್ತು" ಎಂಬಲ್ಲಿಗೆ ಬಂದು ನಿಂತರು. ಹಾಳೆಯನ್ನೇ ನೋಡುತ್ತಾ ನಿಂತರು. ಯಾರೋ ಕೆಮ್ಮಿದರು. ಒಂದು ಮಗು ಅತ್ತು ಸುಮ್ಮನಾಯಿತು. ಅಕ್ಷರ ಕಾಣಿಸುತ್ತಿಲ್ಲವೇನೋ ಎಂದು ನಾನು ಬೆಂಚಿನಿಂದ ಅರ್ಧ ಎದ್ದೆ. ಅಷ್ಟರಲ್ಲಿ ಅವರು ಮುಂದಿನ ಸಾಲು ಓದಿದರು, ನಾನು ಬರೆದಿದ್ದ ಹಾಗೆಯೇ.

ಆರಾಧನೆ ಮುಗಿದ ಮೇಲೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಬಂದು ಅಪ್ಪನ ಕೈ ಮುಟ್ಟಿದರು. ಸಭಾಪಾಲಕರು ಅಲ್ಲೇ ಹೇಳಿಬಿಟ್ಟರು: ಇನ್ನು ಮೇಲೆ ಐದನೆಯ ಮಾತು ಇವರದೇ.

ಹೀಗೆ ವರ್ಷ ವರ್ಷವೂ ಅದೇ ಹಾಳೆ. ಮಡಿಕೆಯಲ್ಲಿ ಹರಿದಾಗ ಸಭೆಯ ಕಾರ್ಯದರ್ಶಿ ನೀಟಾಗಿ ಪ್ರತಿ ಮಾಡಿ, ತಮ್ಮ ಹತ್ತಿರವೂ ಒಂದಿಟ್ಟುಕೊಂಡರು. ಅದೇ ಜಾಗದಲ್ಲಿ ಅಪ್ಪ ನಿಲ್ಲುವುದು ವರ್ಷದಿಂದ ವರ್ಷಕ್ಕೆ ಉದ್ದವಾಯಿತು. ಜನ ಅದಕ್ಕೆ ಕಾಯುವುದನ್ನೂ ಕಲಿತರು. ಆ ಮೌನ ಬಂದಾಗ ತಲೆ ತಗ್ಗಿಸುತ್ತಿದ್ದರು. ನನಗೆ ಅದು ಬೇರೆ ಹೊತ್ತಿನಲ್ಲೂ ಕೇಳಿಸತೊಡಗಿತ್ತು. ತುಮಕೂರಿನಲ್ಲೇ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಪಾಠ ಮಾಡುತ್ತಾ ಒಂದು ವಾಕ್ಯ ಮುಗಿಸಿ ಇನ್ನೊಂದಕ್ಕೆ ಹೋಗುವ ಮಧ್ಯೆ ಅಪ್ಪ ಹಾಳೆ ನೋಡುತ್ತಾ ನಿಂತಂತಾಗಿ ಮುಂದಿನ ಮಾತು ಮರೆಯುತ್ತಿತ್ತು.

ಇನ್ನೊಂದು ವಿಷಯವನ್ನು ಮೊದಲು ಗಮನಿಸಿದವಳು ಅಮ್ಮ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಬೆಂಚು ಬೆಂಚಾಗಿ ಜನ ಎದ್ದು ಹೋಗಿ, ಮಂಡಿಯೂರಿ, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಂಡು ಬರುತ್ತಾರೆ. ಅಪ್ಪ ಏಳುವುದನ್ನು ನಿಲ್ಲಿಸಿದ್ದರು. ಮೊದಲ ಒಂದೆರಡು ಸಲ ಮಂಡಿ ನೋವು ಎಂದರು.

"ಮಂಡಿ ನೋವಿರೋರು ಮನೇಲಿ ದಿನಾ ಅರ್ಧ ಗಂಟೆ ಮಂಡಿ ಊರ್ತಾರಾ?" ಅಮ್ಮ ನನ್ನನ್ನು ಕೇಳಿದಳು. "ನಿಮ್ಮಪ್ಪ ಏನೋ ಮಾಡವ್ರೆ ಕಣೋ. ಈ ವಯಸ್ಸಲ್ಲಿ ಅದೇನು ಮಾಡಿದ್ರೋ, ಆ ಕರ್ತನಿಗೇ ಗೊತ್ತು."

"ಹೋಗ್ಲಿ ಬಿಡಮ್ಮ. ಅವರಿಷ್ಟ."

"ನೀನಂತೂ ತಗಳಲ್ಲ. ಅವ್ರೂ ಬುಟ್ರು. ಬೆಂಚಿನಿಂದ ನಾನೊಬ್ಳೇ ಎದ್ದು ಹೋಗ್ತೀನಿ, ಮುಂಡೆ ಥರ."

ಗಂಡ ಪಕ್ಕದಲ್ಲೇ ಕೂತಿರುವಾಗ ಆಡಿದ ಆ ಮಾತಿಗೆ ಅಪ್ಪ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

ಶಿರಾ ಗೇಟಿನ ಹತ್ತಿರ ಜಟಕಾ ಕುದುರೆಗಳ ಜೀನು, ಲಗಾಮು ಹೊಲಿಯುವ ಸಾಬರೊಬ್ಬರಿದ್ದರು. ಅಪ್ಪ ಸಂಜೆಯೆಲ್ಲ ಅವರ ಅಂಗಡಿಯಲ್ಲಿ ಕೂರುತ್ತಿದ್ದರು. ಇಬ್ಬರದೂ ಕುದುರೆಯ ಮಾತೇ. ಒಂಬತ್ತನೆಯ ವರ್ಷ, ಶುಭ ಶುಕ್ರವಾರಕ್ಕೆ ಎರಡು ವಾರವಿದೆ ಎನ್ನುವಾಗ, ಅಪ್ಪನಿಗೆ ಜ್ವರ ಬಂತು. ಅವರು ಅಂಗಡಿಯಲ್ಲಿ ಬಿಟ್ಟುಬಂದಿದ್ದ ಕನ್ನಡಕ ತರಲು ನಾನು ಹೋದೆ.

"ಏನ್ ಲೆಕ್ಚರರ್ ಸಾಬ್, ಹವಾಲ್ದಾರರು ಇವತ್ತು ರಜಾನಾ?" ಎಂದರು ಸಾಬರು.

"ಜ್ವರ."

"ಜ್ವರ ಅಲ್ಲ ಅದು. ನಿಮ್ಮ ಶುಕ್ರವಾರ ಹತ್ರ ಬಂತಲ್ಲ. ಪ್ರತಿ ವರ್ಷ ಹಿಂಗೇ. ಆ ಖಚ್ಚರ್ ಬಂದು ಎದೆ ಮೇಲೆ ಕೂತ್ಕಂತದೆ."

"ಯಾವ ಖಚ್ಚರ್? ಹೇಸರಗತ್ತೇನಾ?"

ಸೂಜಿ ಹಿಡಿದ ಅವರ ಕೈ ನಿಂತಿತು. "ನೀರು ಕುಡಿಸಿದ್ದು. ಮಗ ನೀವು, ನಿಮ್ಗೆ ಗೊತ್ತಿಲ್ವಾ? ನಂಗೆ ಹತ್ತು ಸಲ ಹೇಳವ್ರೆ."

ಅಂಗಡಿಯ ಮೆಟ್ಟಿಲ ಮೇಲೆ ಕೂತು ಕೇಳಿದೆ. ಅಪ್ಪನ ಹೇಸರಗತ್ತೆಯ ಬೆನ್ನ ಮೇಲೆ ವೈರ್‌ಲೆಸ್ ಪೆಟ್ಟಿಗೆ ಇತ್ತು. ಮೊದಲು ಪ್ರಾಣಿ, ಆಮೇಲೆ ಮನುಷ್ಯ ಎನ್ನುವುದು ಅವರ ಕಂಪನಿಯ ಕಾಯಿದೆ. ಪ್ರಾಣಿ ಬಿದ್ದರೆ ಪೆಟ್ಟಿಗೆ ಬೀಳುತ್ತದೆ, ಪೆಟ್ಟಿಗೆ ಬಿದ್ದರೆ ಹಿಂದೆ ಬರುವ ನೂರಾರು ಜನಕ್ಕೆ ದಾರಿ ಹೇಳುವವರಿಲ್ಲ. ಮರದ ಕೆಳಗೆ ಕೂತಿದ್ದವನು ನೀರು ಕೇಳಿದ. ಅಪ್ಪ ಟೋಪಿ ತೆಗೆದು, ಅದಕ್ಕೆ ನೀರು ಸುರಿದು ಹೇಸರಗತ್ತೆಗೆ ಹಿಡಿದರು. ಅದು ನಿಧಾನವಾಗಿ, ಕೊನೆಯ ಹನಿಯವರೆಗೂ ಕುಡಿಯಿತು.

"ಆ ಮನುಷ್ಯ ನೋಡ್ತಾ ಇದ್ನಂತೆ" ಎಂದರು ಸಾಬರು. "ಬೈದಿದ್ರೆ ಚೆನ್ನಾಗಿತ್ತು ಅಂತಾರೆ ನಿಮ್ಮಪ್ಪ. ಬೈಲಿಲ್ವಂತೆ. ಸುಮ್ನೆ ನೋಡ್ದ ಅಂತಾರೆ. ಖಚ್ಚರ್ ಕುಡಿಯೋದು ಮುಗಿಯೋ ತನಕ."

ಮನೆಗೆ ಬಂದೆ. ಅಪ್ಪ ಕಂಬಳಿ ಹೊದ್ದು ಕೂತಿದ್ದರು. ಅಮ್ಮ ಅಡುಗೆಮನೆಯಲ್ಲಿದ್ದಳು.

"ಅಪ್ಪ, ಖಚ್ಚರ್ ವಿಷಯ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲೋ."

"ಯಾವಾಗ?"

"ನೀನು ಬರ್ಕೊಳ್ವಾಗ. ಎಲ್ಲಾ ಹೇಳ್ದೆ. ತಲೆ ಆಡಿಸ್ಕೊಂಡು ಬರ್ಕೊತಿದ್ದೆ."

"ಇಲ್ಲ ಅಪ್ಪ. ನೀರಿತ್ತು ಅಂದ್ರಿ, ಎದ್ದು ಹೋದ್ರಿ."

"ಎದ್ದು ಹೋದೆ. ಖಚ್ಚರ್‌ಗೆ ಕುಡಿಸ್ದೆ ಅಂತ ಹೇಳಿ ಎದ್ದು ಹೋದೆ."

ಅವರ ದನಿಯಲ್ಲಿ ವಾದ ಇರಲಿಲ್ಲ. ನನ್ನ ದನಿಯಲ್ಲಿತ್ತು. "ಹಾಗಾದ್ರೆ ಅವತ್ತು ಅದನ್ನ ಯಾಕೆ ಓದಿದ್ರಿ?" ಎಂದೆ.

"ಬರೆದಿತ್ತು." ಕಂಬಳಿಯನ್ನು ಹೆಗಲ ಮೇಲೆಳೆದುಕೊಂಡರು. "ನೀನು ಓದಿದೋನು. ಎಲ್ಲಾ ಕೇಳ್ಕೊಂಡು ಹಿಂಗೆ ಬರ್ದವ್ನೆ ಅಂದ್ರೆ, ನಾನು ಮಾಡ್ಬೇಕಾಗಿದ್ದು ಇದು ಅಂತ ತೀರ್ಪು ಕೊಟ್ಟವ್ನೆ ಅಂದ್ಕೊಂಡೆ. ಎಲ್ರ ಮುಂದೆ ನಾನೇ ಓದ್ಲಿ ಅಂತ."

ನಾನು ಸಾಹಿತ್ಯ ಅಂದುಕೊಂಡು ಬರೆದದ್ದನ್ನು ಅವರು ಶಿಕ್ಷೆ ಎಂದು ಓದಿದ್ದರು.

"ಭೋಜನಕ್ಕೆ ಏಳದೇ ಇರೋದು ಇದಕ್ಕೇನಾ?"

"ಸುಳ್ಳು ಓದಿದ ಬಾಯಿಗೆ ಆ ರೊಟ್ಟಿ ಹೆಂಗೆ ಹಾಕ್ಕೊಳ್ಳಿ? ನೀರು ಕೊಡ್ದೆ ಇದ್ದಿದ್ದಕ್ಕೆ ನಲವತ್ತು ವರ್ಷದಿಂದ ಕ್ಷಮೆ ಕೇಳ್ತಿದೀನಿ. ಅದು ನಂಗೂ ದೇವ್ರಿಗೂ. ಇದು ಸಭೆ ಮುಂದೆ ಆಡಿದ್ದು. ಸಭೆ ಮುಂದೇನೇ ಸರಿ ಮಾಡ್ಬೇಕು. ಸಾಯೋದ್ರೊಳಗೆ ಒಂದ್ಸಲ ಆ ರೊಟ್ಟಿ ತಗೋಬೇಕು ಕಣೋ."

ನಾನು ಬೇರೆ ಹಾಳೆ ಬರೆದುಕೊಡುತ್ತೇನೆ ಎಂದೆ. "ನೀನು ಬರೀಬ್ಯಾಡ" ಎಂದರು.

ಅಂದು ಬರೆದುಕೊಂಡಿದ್ದ ಕಚ್ಚಾ ಹಾಳೆಗಳಿಗಾಗಿ ಟ್ರಂಕು, ಅಟ್ಟ ಎಲ್ಲ ಹುಡುಕಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೆ ಗೀಚಿಕೊಂಡಿದ್ದೆ. ಅದರಲ್ಲಿ ಖಚ್ಚರ್ ಎಂಬ ಪದ ಇದೆಯೋ ಇಲ್ಲವೋ ನೋಡಿದರೆ ಮುಗಿಯಿತು. ಸಿಗಲಿಲ್ಲ. ಉಪ್ಪಿನಕಾಯಿ ಜಾಡಿಯ ಕೆಳಗೆ ಹಾಕಿದ್ದಿರಬಹುದು ಎಂದಳು ಅಮ್ಮ. ಜಾಡಿ ಎತ್ತಿ ನೋಡಿದೆ. ಎಣ್ಣೆ ಹೀರಿದ ಒಂದು ಹಾಳೆ ಇತ್ತು, ಅದರ ಮೇಲೆ ಯಾವ ಅಕ್ಷರವೂ ಉಳಿದಿರಲಿಲ್ಲ.

ಆ ಶುಕ್ರವಾರ ಐದನೆಯ ಮಾತಿಗೆ ಅಪ್ಪ ಬರಿಗೈಯಲ್ಲಿ ಎದ್ದು ಹೋದರು. ಸಭಾಪಾಲಕರು ಬದಲಾಗಿದ್ದರು, ಹೊಸಬರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅಪ್ಪ ಎರಡು ಕೈಯಲ್ಲೂ ಪೀಠದ ಅಂಚು ಹಿಡಿದುಕೊಂಡರು.

"ಇಷ್ಟು ವರ್ಷ ನಾನು ಓದಿದ್ದು ನಿಜ ಅಲ್ಲ. ಆ ಮನುಷ್ಯನಿಗೆ ನಾನು ನೀರು ಕೊಡ್ಲಿಲ್ಲ. ಖಚ್ಚರ್‌ಗೆ ಕುಡಿಸ್ದೆ. ಅವ್ನು ನೋಡ್ತಾ ಇದ್ದ."

ಅಷ್ಟೇ. ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಕಾರ್ಯದರ್ಶಿ ಮೆಲ್ಲಗೆ ಹೋಗಿ ಅಪ್ಪನ ತೋಳು ಹಿಡಿದರು. "ಬನ್ನಿ ದೊಡ್ಡಪ್ಪ, ಬಿಸ್ಲು ಜಾಸ್ತಿ, ಉಪವಾಸ ಬೇರೆ, ಕೂತ್ಕೊಳ್ಳಿ ಬನ್ನಿ." ಪೀಠದ ಅಂಚಿನಿಂದ ಅಪ್ಪನ ಕೈ ಬಿಡಿಸಿ ಬೆಂಚಿಗೆ ಕರೆತಂದು ಕೂರಿಸಿದರು. ಹಿರಿಯರಿಗೆ ಮರೆವು ಬರುವುದು ಸಹಜ, ಅವರ ಸಾಕ್ಷಿಯನ್ನು ಅವರ ಪರವಾಗಿ ನಾವೇ ನೆನಪಿಟ್ಟುಕೊಳ್ಳೋಣ ಎಂದು ಸಭಾಪಾಲಕರು ಬಹಳ ಪ್ರೀತಿಯಿಂದ ಹೇಳಿದರು. ಕಾರ್ಯದರ್ಶಿ ತಮ್ಮ ಹತ್ತಿರವಿದ್ದ ಪ್ರತಿಯನ್ನು ತೆಗೆದು ಓದತೊಡಗಿದರು. "ನನ್ನ ಹತ್ತಿರ ನೀರಿತ್ತು" ಎಂಬಲ್ಲಿ ಅವರೂ ನಿಂತರು, ಅಪ್ಪ ನಿಲ್ಲುತ್ತಿದ್ದಷ್ಟೇ ಹೊತ್ತು. ಜನ ತಲೆ ತಗ್ಗಿಸಿದರು.

ಆ ಹಾಳೆ ನನ್ನದು ಎಂದು ನಾನು ಎದ್ದು ಹೇಳಬಹುದಾಗಿತ್ತು. ಏಳಲಿಲ್ಲ. ನಂಬಿಕೆಯಿಲ್ಲದವನು ಆರಾಧನೆಯ ನಡುವೆ ಎದ್ದು ಮಾತಾಡುವುದು ಸರಿಯಲ್ಲ ಎಂಬ ಕಾರಣ ಆಗ ಹೊಳೆಯಿತು. ಅಪ್ಪ ಹೇಳಿದ್ದರೋ ಇಲ್ಲವೋ ಖಚಿತವಿಲ್ಲದೆ ಏನೆಂದು ಹೇಳಲಿ ಎಂಬ ಕಾರಣವೂ ಹೊಳೆಯಿತು. ಕಾರಣಗಳನ್ನು ಹುಡುಕುವ ತರಬೇತಿ ನನಗೆ ಚೆನ್ನಾಗಿ ಆಗಿತ್ತು. ಹೊರಗೆ ಬರುವಾಗ ಯಾರೋ ಅಂದರು: "ಎಂಥಾ ದೊಡ್ಡ ಮನುಷ್ಯ ನೋಡಿ. ತಾನು ಮಾಡಿದ ಉಪಕಾರಾನೂ ಮರ್ತುಬಿಟ್ಟವ್ರೆ." ಅಪ್ಪನ ಕಿವಿಗೂ ಅದು ಬಿತ್ತು.

ಮುಂದಿನ ವರ್ಷದಿಂದ ಐದನೆಯ ಮಾತನ್ನು ಕಾರ್ಯದರ್ಶಿಯೇ ಓದಿದರು. ಅಪ್ಪ ಮೂರನೆಯ ಬೆಂಚಿನಲ್ಲಿ ಕೂತು ಕೇಳುತ್ತಿದ್ದರು. ಮೊದಲ ಭಾನುವಾರಗಳಲ್ಲಿ ಭೋಜನಕ್ಕೆ ಏಳುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಅಪ್ಪ ಹಾಸಿಗೆ ಹಿಡಿದರು. ಎಂಬತ್ತಕ್ಕೆ ಒಂದೆರಡು ಕಡಿಮೆ ವಯಸ್ಸು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಒಂದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಸಭಾಪಾಲಕರು ಕಾರ್ಯದರ್ಶಿಯ ಜೊತೆ ಮನೆಗೆ ಬಂದರು. ಅಮ್ಮ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿದಳು. ಸಭಾಪಾಲಕರು ಚಿಕ್ಕ ಬೆಳ್ಳಿ ತಟ್ಟೆ, ಬಟ್ಟಲು ತೆಗೆದಿಟ್ಟರು. ಅಪ್ಪ ಕೈ ಅಡ್ಡ ಹಿಡಿದರು.

"ಅಯ್ಯನೋರೇ, ಇವತ್ತಾದ್ರೂ ತಗೋಬೇಕು ಅಂತ ಆಸೆ ಅದೆ. ಆದ್ರೆ ನಾನು ಹೇಳಿದ್ದ ನೀವು ನಂಬ್ಲಿಲ್ಲ."

ಸಭಾಪಾಲಕರಿಗೆ ಅರ್ಥವಾಗಲಿಲ್ಲ. ಅಮ್ಮ ನನ್ನ ಕಡೆ ತಿರುಗಿದಳು. ಅವಳಿಗೆ ಯಾವಾಗ, ಎಷ್ಟು ಗೊತ್ತಾಗಿತ್ತೋ ನನಗೆ ಗೊತ್ತಿಲ್ಲ. "ಹೇಳೋ" ಎಂದಳು. "ಬಾಯಿ ಇಲ್ವಾ ನಿಂಗೆ? ಕಾಲೇಜಲ್ಲಿ ದಿನಾ ಆಡ್ತೀಯಲ್ಲ, ಇಲ್ಲಿ ಆಡು."

ಆಗ ನಾನು ಹೇಳಿದೆ. ಆ ಹಾಳೆ ಬರೆದವನು ನಾನು. ಅಪ್ಪ ಆ ಮನುಷ್ಯನಿಗೆ ನೀರು ಕೊಡಲಿಲ್ಲ, ಹೇಸರಗತ್ತೆಗೆ ಕುಡಿಸಿದರು. ಕೊಟ್ಟರು ಎಂದು ಕಟ್ಟಿದವನು ನಾನು. ದೇವಾಲಯದಲ್ಲಿ ಅವರು ಆಡಿದ್ದು ಮರೆವಿನ ಮಾತಲ್ಲ. ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಸಭಾಪಾಲಕರು ಕೇಳಿದರು: "ಬರೆಯುವಾಗ ಇದೆಲ್ಲ ನಿಮಗೆ ಗೊತ್ತಿತ್ತಾ?"

ಅಪ್ಪ ಛಾವಣಿ ನೋಡುತ್ತಾ ಮಲಗಿದ್ದರು. ಉಸಿರಿಗೆ ಕಷ್ಟಪಡುತ್ತಿದ್ದರು.

"ಗೊತ್ತಿತ್ತು" ಎಂದೆ. "ಎಲ್ಲ ಹೇಳಿದ್ದರು. ಕೇಳಿಸಿಕೊಂಡೇ ಬದಲಾಯಿಸಿದೆ."

ಕಾರ್ಯದರ್ಶಿ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಭಾನುವಾರ ಸಭೆಗೆ ತಾವೇ ತಿಳಿಸುವುದಾಗಿ ಸಭಾಪಾಲಕರು ಹೇಳಿದರು, ತಿಳಿಸಿದರು ಕೂಡ. ಅಪ್ಪ ಬಾಯಿ ತೆರೆದರು. ರೊಟ್ಟಿಯ ಚೂರನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗಿದರು. ಬಟ್ಟಲನ್ನು ಅಮ್ಮ ಹಿಡಿದಳು. ಆಮೇಲೆ ಅಮ್ಮ ತೆಗೆದುಕೊಂಡಳು, ಕಾರ್ಯದರ್ಶಿ ತೆಗೆದುಕೊಂಡರು. ಸಭಾಪಾಲಕರು ತಟ್ಟೆ ಹಿಡಿದು ನನ್ನ ಕಡೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. ತಪ್ಪು ಒಪ್ಪಿಕೊಂಡ ಮಗ ಈಗ ಮಂಡಿಯೂರುತ್ತಾನೆ ಎಂದುಕೊಂಡಿರಬೇಕು.

"ಅವ್ನಿಗೆ ಬ್ಯಾಡಿ, ಅಯ್ಯನೋರೇ" ಎಂದರು ಅಪ್ಪ, ಕಣ್ಣು ಮುಚ್ಚಿಕೊಂಡೇ. "ನಾನು ಹೇಳಿದ್ದು ಅವ್ನಿಗೆ ಇವತ್ತಿಗೂ ಜ್ಞಾಪಕ ಇಲ್ಲ. ನಾನು ಈ ರೊಟ್ಟಿ ಉಣ್ಲಿ ಅಂತ ಗೊತ್ತಿತ್ತು ಅಂದ."

ದೂರು ಹೇಳುವ ದನಿ ಅಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ತಿಳಿಸುವ ದನಿ. ಸಭಾಪಾಲಕರು ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡರು. ಉಳಿದಿದ್ದ ರೊಟ್ಟಿಯ ಚೂರನ್ನು ತಾವೇ ತಿಂದು, ಬಟ್ಟಲು ಒರೆಸಿ ಪೆಟ್ಟಿಗೆಗೆ ಹಾಕಿದರು.